ಟಿವಿ ಕೆಟ್ಟಿಲ್ಲ, ಕಂಪ್ಯೂಟರೂ ಕೆಟ್ಟಿಲ್ಲ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ಟಿವಿ ಈಗ ಧಾರಾವಾಹಿ, ಕ್ರಿಕೆಟ್ಟಿಗೆ ಮಾತ್ರ ಸೀಮಿತವಾಗಿ ಉಳಿದಿಲ್ಲ. ಸರ್ಕಾರಿ ಶಾಲೆಯ ಸ್ಮಾರ್ಟ್ ಕ್ಲಾಸಿನಲ್ಲಿ, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಪೇಟೆ ಬೀದಿಯ ಅಂಗಡಿಯ ಸಿಸಿ ಕ್ಯಾಮೆರಾಕ್ಕೆ, ಪರದೆ ಒಡೆದ ಲ್ಯಾಪ್‌ಟಾಪಿನಲ್ಲೇ ಓದು ಮುಂದುವರಿಸಿರುವ ವಿದ್ಯಾರ್ಥಿಯ ಮನೆಯಲ್ಲಿ ಅದೇ ಮಾನಿಟರ್. ಬೇರೆ ಮಾನಿಟರಿಗೆ ದುಡ್ಡು ಸುರಿಯುವ ಬದಲು ಇರುವ ಟಿವಿಗೆ ಕೇಬಲ್ ಸಿಕ್ಕಿಸುವುದು ಜಾಣತನವೇ. ತೊಂದರೆ ಶುರುವಾಗುವುದು ಸಿಕ್ಕಿಸಿದ ಮೇಲೆ. ಪರದೆ ತುಂಬ ‘ನೋ ಸಿಗ್ನಲ್’, ಇಲ್ಲವೇ ನಾಲ್ಕೂ ಅಂಚು ಕತ್ತರಿಸಿದ ಚಿತ್ರ, ಇಲ್ಲವೇ ಓದಲಾಗದಷ್ಟು ಮಸುಕು ಅಕ್ಷರ. ಆಗ ಟಿವಿಯನ್ನೋ ಸಿಪಿಯುವನ್ನೋ ಕಟ್ಟಿಕೊಂಡು ಮೈಸೂರಿಗೆ ಹೊರಡುವವರು ಬಹಳ. ಹುಣಸೂರಿನವರಿಗೆ ಮೈಸೂರು ಸುಮಾರು 45 ಕಿಲೋಮೀಟರ್, ಕಾಡಂಚಿನ ಡಿ.ಬಿ. ಕುಪ್ಪೆಯವರಿಗೆ ಇಡೀ ಒಂದು ದಿನದ ಕೆಲಸ ಹಾಳು.

ಇಂಥ ಬಹುಪಾಲು ಸಂದರ್ಭಗಳಲ್ಲಿ ಟಿವಿಯೂ ಕೆಟ್ಟಿರುವುದಿಲ್ಲ, ಕಂಪ್ಯೂಟರೂ ಕೆಟ್ಟಿರುವುದಿಲ್ಲ. ಎರಡರ ನಡುವೆ ಹೊಂದಾಣಿಕೆ ಆಗಿರುವುದಿಲ್ಲ, ಅಷ್ಟೇ. ಒಂದಾದ ಮೇಲೊಂದರಂತೆ ಪರೀಕ್ಷಿಸುತ್ತ ಹೋದರೆ ಹೆಚ್ಚಿನವು ಒಂದು ಪೈಸೆ ಖರ್ಚಿಲ್ಲದೆ ಸರಿಹೋಗುತ್ತವೆ.

ಎರಡೂ ಬೇರೆ ಕೆಲಸಕ್ಕೆ ಮಾಡಿದವು

ಕಂಪ್ಯೂಟರ್ ಕಳಿಸುವ ಚಿತ್ರ ಚುಕ್ಕೆಗಳ ಲೆಕ್ಕ. 1920×1080 ಎಂದರೆ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆ. ಒಂದೊಂದು ಚುಕ್ಕೆಯೂ ಪರದೆಯ ಒಂದೊಂದು ಚುಕ್ಕೆಯ ಮೇಲೆ ಸರಿಯಾಗಿ ಕೂತರೆ ಮಾತ್ರ ಅಕ್ಷರ ಚೂಪಾಗಿ ಕಾಣುತ್ತದೆ. ಟಿವಿ ಮಾಡಿರುವುದು ಎಂಟು-ಹತ್ತು ಅಡಿ ದೂರದಿಂದ ಓಡುವ ಚಿತ್ರ ನೋಡುವುದಕ್ಕೆ. ಬಂದ ಚಿತ್ರವನ್ನು ಅದು ಇದ್ದ ಹಾಗೆ ತೋರಿಸುವುದಿಲ್ಲ. ಸ್ವಲ್ಪ ಹಿಗ್ಗಿಸುತ್ತದೆ, ಅಂಚುಗಳನ್ನು ಎದ್ದು ಕಾಣಿಸುತ್ತದೆ, ಬಣ್ಣಕ್ಕೆ ಮೆರುಗು ಕೊಡುತ್ತದೆ. ಸಿನಿಮಾಕ್ಕೆ ಅದು ಚೆಂದ, ಅಕ್ಷರಕ್ಕೆ ಶತ್ರು.

ಈ ಹಿಗ್ಗಿಸುವ ಅಭ್ಯಾಸ ಹಳೆಯದು. ದಪ್ಪ ಗಾಜಿನ ಪಿಕ್ಚರ್ ಟ್ಯೂಬಿನ ಕಾಲದಲ್ಲಿ ಚಿತ್ರದ ಅಂಚು ಎಲ್ಲ ಸೆಟ್ಟುಗಳಲ್ಲೂ ಒಂದೇ ನೇರಕ್ಕೆ ನಿಲ್ಲುತ್ತಿರಲಿಲ್ಲ. ವೋಲ್ಟೇಜ್ ಏರಿಳಿದರೆ ಚಿತ್ರವೇ ಕುಗ್ಗುತ್ತಿತ್ತು. ಆ ಅಂಕುಡೊಂಕು ಕಾಣದಿರಲೆಂದು ಕಂಪನಿಗಳು ಚಿತ್ರವನ್ನು ಚೌಕಟ್ಟಿನಾಚೆಗೂ ಸ್ವಲ್ಪ ಚಾಚಿಸಿದವು. 1982ರಲ್ಲಿ ಬಂದ ಜೆಡ್‌ಎಕ್ಸ್ ಸ್ಪೆಕ್ಟ್ರಮ್ ಮನೆಯ ಟಿವಿಯ ಆಂಟೆನಾ ತೂತಿಗೇ ಸಿಕ್ಕಿಸುವ ಕಂಪ್ಯೂಟರ್. ಬರಹವನ್ನೆಲ್ಲ 256×192 ಚುಕ್ಕೆಗಳ ನಡುಭಾಗದಲ್ಲಿಟ್ಟು, ಸುತ್ತ ಅಗಲವಾದ ಖಾಲಿ ಅಂಚು ಬಿಡುತ್ತಿತ್ತು. ಟಿವಿ ಎಷ್ಟು ಕತ್ತರಿಸಿದರೂ ಅಕ್ಷರಕ್ಕೆ ಪೆಟ್ಟಾಗುತ್ತಿರಲಿಲ್ಲ. ಇಂದಿನ ಚಪ್ಪಟೆ ಟಿವಿಗೆ ಈ ಹಿಗ್ಗಿಸುವಿಕೆ ಬೇಕಾಗಿಲ್ಲ. ಆದರೂ ಎಷ್ಟೋ ಟಿವಿಗಳು ಅದೇ ಅಭ್ಯಾಸವನ್ನು ಹೊತ್ತುಕೊಂಡೇ ಪೆಟ್ಟಿಗೆಯಿಂದ ಹೊರಬರುತ್ತವೆ.

ಏನೂ ಬಾರದಿದ್ದಾಗ

‘ನೋ ಸಿಗ್ನಲ್’ ಎಂದು ಬಂತೆಂದರೆ ಟಿವಿಗೆ ಜೀವವಿದೆ ಎಂದೇ ಅರ್ಥ. ಮೊದಲು ರಿಮೋಟಿನ ಸೋರ್ಸ್ ಅಥವಾ ಇನ್‌ಪುಟ್ ಗುಂಡಿ ಒತ್ತಿ, ಕೇಬಲ್ ಸಿಕ್ಕಿಸಿರುವ ತೂತಿನ ಸಂಖ್ಯೆಯೇ ಆಯ್ಕೆಯಾಗಿದೆಯೇ ನೋಡಿ. ಎಚ್‌ಡಿಎಂಐ 1ಕ್ಕೆ ಸಿಕ್ಕಿಸಿ ಎಚ್‌ಡಿಎಂಐ 2ರಲ್ಲಿ ಹುಡುಕುವುದು ಬಹಳ ಸಾಮಾನ್ಯ. ಸಿಪಿಯು ಹಿಂಬದಿಯಲ್ಲಿ ಎರಡು ಕಡೆ ಡಿಸ್‌ಪ್ಲೇ ತೂತು ಇದ್ದು, ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಿದ್ದರೆ, ಕೇಬಲ್ ಆ ಕಾರ್ಡಿಗೇ ಹೋಗಬೇಕು. ಲ್ಯಾಪ್‌ಟಾಪಿನ ಚಿಕ್ಕ ಟೈಪ್-ಸಿ ತೂತೆಲ್ಲ ಚಿತ್ರ ಕಳಿಸುವುದಿಲ್ಲ. ಕೆಲವು ಚಾರ್ಜಿಂಗಿಗೆ, ಪೆನ್‌ಡ್ರೈವಿಗೆ ಮಾತ್ರ.

ಎಚ್‌ಡಿಎಂಐ ಕೇಬಲಿನ ಒಳಗೆ 19 ಪಿನ್ನುಗಳಿವೆ. ಎಲ್ಲವೂ ಚಿತ್ರ ಸಾಗಿಸುವುದಿಲ್ಲ. ಕೆಲವು ಪಿನ್ನುಗಳ ಮೂಲಕ ಟಿವಿ ತನ್ನ ವಿವರವನ್ನು ಕಂಪ್ಯೂಟರಿಗೆ ಹೇಳುತ್ತದೆ: ಯಾವ ಕಂಪನಿ, ಯಾವ ಅಳತೆಯ ಪರದೆ, ಎಷ್ಟು ಚುಕ್ಕೆ, ಸೆಕೆಂಡಿಗೆ ಎಷ್ಟು ಸಲ. ಇದಕ್ಕೆ ಇಡಿಐಡಿ ಎಂದು ಹೆಸರು. ದರ್ಜಿ ಮೊದಲು ಅಳತೆ ತೆಗೆದುಕೊಂಡು ಆಮೇಲೆ ಬಟ್ಟೆಗೆ ಕತ್ತರಿ ಹಾಕುವ ಹಾಗೆ, ಕಂಪ್ಯೂಟರ್ ಈ ವಿವರ ನೋಡಿಕೊಂಡು ಚಿತ್ರ ತಯಾರಿಸುತ್ತದೆ. ಆ ಪಿನ್ನು ಬಾಗಿದ್ದರೆ, ತುಕ್ಕು ಹಿಡಿದಿದ್ದರೆ, ಕೇಬಲ್ ಸಡಿಲವಿದ್ದರೆ ಅಳತೆ ಸಿಗುವುದಿಲ್ಲ. ಆಗ ಚಿತ್ರ ಬರುವುದೇ ಇಲ್ಲ, ಬಂದರೂ 1024×768ರಂಥ ಹಳೆಯ ಅಳತೆಯಲ್ಲಿ ಊದಿಕೊಂಡು ಬರುತ್ತದೆ. ಹಾಗಾಗಿ ಬೇರೆ ಕೇಬಲ್, ಟಿವಿಯ ಬೇರೆ ತೂತು, ಇವೆರಡನ್ನು ಪರೀಕ್ಷಿಸದೆ ಯಾವ ತೀರ್ಮಾನಕ್ಕೂ ಬರಬೇಡಿ. ಟಿವಿಯನ್ನು ಮೊದಲು ಹಾಕಿ, ಆಮೇಲೆ ಕಂಪ್ಯೂಟರ್ ಆನ್ ಮಾಡಿ. ಕೆಲವು ಹಳೆಯ ಕಂಪ್ಯೂಟರುಗಳು ಶುರುವಾಗುವಾಗ ಮಾತ್ರ ಪರದೆಯನ್ನು ಹುಡುಕುತ್ತವೆ.

ವಾಲ್‌ಪೇಪರ್ ಮಾತ್ರ ಕಂಡು, ಐಕಾನುಗಳೊಂದೂ ಕಾಣದಿದ್ದರೆ ಅದು ದೋಷವೇ ಅಲ್ಲ. ಟಿವಿಯನ್ನು ಎರಡನೇ ಪರದೆಯಾಗಿ ‘ಎಕ್ಸ್‌ಟೆಂಡ್’ ಮಾಡಿದ್ದೀರಿ ಎಂದರ್ಥ. ವಿಂಡೋಸ್ ಕೀ ಹಿಡಿದು ‘ಪಿ’ ಒತ್ತಿದರೆ ನಾಲ್ಕು ಆಯ್ಕೆ ಬರುತ್ತವೆ. ಟಿವಿಯೊಂದೇ ಬೇಕಿದ್ದರೆ ‘ಸೆಕೆಂಡ್ ಸ್ಕ್ರೀನ್ ಓನ್ಲಿ’ ಆರಿಸಿ. ಲ್ಯಾಪ್‌ಟಾಪಿನ ಪರದೆ ಪೂರ್ತಿ ಹೋಗಿದ್ದವರು, ಲಾಗಿನ್ ಆದ ಮೇಲೆ ವಿಂಡೋಸ್ ಕೀ ಹಿಡಿದೇ ‘ಪಿ’ಯನ್ನು ಒಂದೊಂದಾಗಿ ಒತ್ತುತ್ತ, ಪ್ರತಿಸಲ ಎಂಟರ್ ಕೊಟ್ಟು ಕಾಯುತ್ತ ಹೋದರೆ ಟಿವಿಯಲ್ಲಿ ಚಿತ್ರ ಮೂಡುತ್ತದೆ.

‘ಮೋಡ್ ನಾಟ್ ಸಪೋರ್ಟೆಡ್’ ಎಂದು ಬಂದರೆ, ಟಿವಿಯ ಕೈಲಾಗದ ಅಳತೆಯನ್ನು ಕಳಿಸಲಾಗುತ್ತಿದೆ. ವಿಂಡೋಸಿನಲ್ಲಿ ಅಳತೆ ಬದಲಿಸಿದಾಗ ಪರದೆ ಕಪ್ಪಾದರೆ ಏನನ್ನೂ ಮುಟ್ಟದೆ 15 ಸೆಕೆಂಡು ಕಾಯಿರಿ, ಅದೇ ಹಿಂದಿನ ಅಳತೆಗೆ ಮರಳುತ್ತದೆ. ಸಿಸಿ ಕ್ಯಾಮೆರಾದ ಡಿವಿಆರ್ ಪೆಟ್ಟಿಗೆಗೆ ಈ ಸೌಲಭ್ಯವನ್ನು ನಂಬಿಕೊಳ್ಳಲಾಗದು. ಅದನ್ನು ಪಕ್ಕದ ಅಂಗಡಿಯ ದೊಡ್ಡ ಟಿವಿಗೆ ಹಚ್ಚಿ, ಅಲ್ಲಿ ಔಟ್‌ಪುಟ್ ಅಳತೆಯನ್ನು 1280×720ಕ್ಕೆ ಇಳಿಸಿ ತಂದರೆ ನಿಮ್ಮ ಟಿವಿಯಲ್ಲೂ ಚಿತ್ರ ಬರುತ್ತದೆ.

ಅಂಚು ಕತ್ತರಿಸಿದಾಗ

ಕೆಳಗಿನ ಸ್ಟಾರ್ಟ್ ಗುಂಡಿ ಅರ್ಧ ಕಾಣುತ್ತಿಲ್ಲ, ಮೂಲೆಯ ಗಡಿಯಾರ ಮಾಯ, ಮೇಲೆ ಕಿಟಕಿ ಮುಚ್ಚುವ ಗುರುತೂ ಸಿಗುತ್ತಿಲ್ಲ. ಇದು ಮೇಲೆ ಹೇಳಿದ ಹಿಗ್ಗಿಸುವ ಅಭ್ಯಾಸದ ಫಲ. ಲೆಕ್ಕ ಹಾಕಿ ನೋಡಿ. ಒಂದೊಂದು ಅಂಚಿನಲ್ಲಿ ನೂರಕ್ಕೆ ಎರಡೂವರೆಯಷ್ಟು ಮಾತ್ರ ಹೊರಗೆ ಹೋದರೂ 1080 ಚುಕ್ಕೆ ಎತ್ತರದಲ್ಲಿ ಕೆಳಗಿನ 27 ಚುಕ್ಕೆ ಹೋದಂತೆ. ವಿಂಡೋಸ್ 10ರ ಟಾಸ್ಕ್‌ಬಾರ್ ಇರುವುದೇ 40 ಚುಕ್ಕೆ ಎತ್ತರ. ಅಂದರೆ ಮೂರರಲ್ಲಿ ಎರಡು ಭಾಗದಷ್ಟು ಕಣ್ಣಿಗೆ ಬೀಳುವುದಿಲ್ಲ.

ಇದಕ್ಕೆ ಕಂಪ್ಯೂಟರಿನಲ್ಲಿ ಚಿತ್ರ ಕುಗ್ಗಿಸುವ ದಾರಿಯಿದೆ, ಆದರೆ ಮೊದಲು ಹಿಡಿಯಬೇಕಾದ್ದು ಅದಲ್ಲ. ಅಲ್ಲಿ ಕುಗ್ಗಿಸಿ ಇಲ್ಲಿ ಹಿಗ್ಗಿಸಿದರೆ ಅಕ್ಷರಕ್ಕೆ ಎರಡು ಪೆಟ್ಟು. ಟಿವಿಯ ಪಿಕ್ಚರ್ ಸೆಟ್ಟಿಂಗಿಗೆ ಹೋಗಿ, ಚಿತ್ರದ ಅಳತೆ ಎಂಬಲ್ಲಿ ಎಲ್‌ಜಿಯಲ್ಲಾದರೆ ‘ಜಸ್ಟ್ ಸ್ಕ್ಯಾನ್’, ಸ್ಯಾಮ್‌ಸಂಗಿನಲ್ಲಿ ‘ಸ್ಕ್ರೀನ್ ಫಿಟ್’ ಅಥವಾ ‘ಫಿಟ್ ಟು ಸ್ಕ್ರೀನ್’, ಸೋನಿಯಲ್ಲಿ ‘ಫುಲ್ ಪಿಕ್ಸೆಲ್’, ಇನ್ನು ಕೆಲವದರಲ್ಲಿ ‘ಡಾಟ್ ಬೈ ಡಾಟ್’ ಆರಿಸಿ. ಅಂಚೂ ಮರಳುತ್ತದೆ, ಚುಕ್ಕೆ ಚುಕ್ಕೆಯ ಮೇಲೆ ಕೂತು ಅಕ್ಷರವೂ ಚೂಪಾಗುತ್ತದೆ. ಚಿತ್ರದ ಸುತ್ತ ಕಪ್ಪು ಪಟ್ಟಿ ಬಂದಿದ್ದರೆ ಮಾತ್ರ ಕಂಪ್ಯೂಟರಿನ ಗ್ರಾಫಿಕ್ಸ್ ಸೆಟ್ಟಿಂಗಿನಲ್ಲಿ ಸ್ಕೇಲಿಂಗ್ ಸರಿಪಡಿಸಬೇಕು.

ಒತ್ತಕ್ಷರದ ಪರೀಕ್ಷೆ

ಮಸುಕಿನ ತೊಂದರೆ ಇಂಗ್ಲಿಷಿಗಿಂತ ಕನ್ನಡಕ್ಕೆ ಹೆಚ್ಚು. ದ ಮತ್ತು ಧ, ಪ ಮತ್ತು ಫ, ಡ ಮತ್ತು ಢ ನಡುವಿನ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಗೀಟು. ಪರದೆ ಆ ಗೀಟನ್ನು ನುಂಗಿದರೆ ‘ಧನ’ ಓದುವ ಮಗುವಿಗೆ ‘ದನ’ ಕಾಣುತ್ತದೆ. ಸ್ವಾತಂತ್ರ್ಯ, ರಾಷ್ಟ್ರ ಎಂಬಂಥ ಪದಗಳಲ್ಲಿ ಒತ್ತುಗಳೆಲ್ಲ ಕಲಸಿಕೊಂಡು ಮಸಿ ಚುಕ್ಕೆಯಾಗುತ್ತವೆ. ಟಿವಿ ಜೋಡಿಸಿದ ಮೇಲೆ ನೋಟ್‌ಪ್ಯಾಡಿನಲ್ಲಿ ಇಂಥ ಏಳೆಂಟು ಪದ ಬರೆದು, ಮಕ್ಕಳು ಕೂರುವ ಜಾಗದಲ್ಲಿ ಕೂತು ಓದಿ ನೋಡಿ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇಡ.

ಓದಲಾಗದಿದ್ದರೆ ಕಾರಣಗಳು ಕೆಲವೇ. ಮೊದಲನೆಯದು ಅಳತೆ ಕೂಡದಿರುವುದು. ‘ಎಚ್‌ಡಿ ರೆಡಿ’ ಎಂದು ಮಾರುವ 32 ಇಂಚಿನ ಎಷ್ಟೋ ಟಿವಿಗಳ ನಿಜವಾದ ಚುಕ್ಕೆ 1366×768. ಅದು 1920×1080ರ ಚಿತ್ರವನ್ನೂ ಒಪ್ಪಿಕೊಳ್ಳುತ್ತದೆ, ಆದರೆ ಹಿಂಡಿ ತೋರಿಸುತ್ತದೆ. ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ 1366×768 ಅಥವಾ 1360×768 ಇದ್ದರೆ ಅದನ್ನೇ ಆರಿಸಿ. ಲ್ಯಾಪ್‌ಟಾಪನ್ನೂ ಟಿವಿಯನ್ನೂ ‘ಡೂಪ್ಲಿಕೇಟ್’ ಮಾಡಿದರೆ ಎರಡಕ್ಕೂ ಒಪ್ಪುವ ಅಳತೆ ಹೋಗುತ್ತದೆ, ಟಿವಿ ಮಸುಕಾಗುತ್ತದೆ; ಟಿವಿಯೊಂದನ್ನೇ ಇಟ್ಟು ನೋಡಿ.

ಎರಡನೆಯದು ಬಣ್ಣದ ಉಳಿತಾಯ. ವಿಡಿಯೊದಲ್ಲಿ ಸಾಗಿಸುವ ಮಾಹಿತಿ ಕಡಿಮೆ ಮಾಡಲು ನಾಲ್ಕು ಚುಕ್ಕೆಗಳ ಚೌಕಕ್ಕೆ ಬೆಳಕು ನಾಲ್ಕು, ಬಣ್ಣ ಒಂದೇ ಇಡುವ ಪದ್ಧತಿಯಿದೆ. ಮುಖ, ಮರ, ಆಕಾಶಕ್ಕೆ ಅದರಿಂದ ನಷ್ಟವಿಲ್ಲ. ನೀಲಿಯ ಮೇಲೆ ಕೆಂಪಿನಲ್ಲಿ ಬರೆದ ಅಕ್ಷರ ಹರಡಿಹೋಗುತ್ತದೆ. ಟಿವಿಯ ಇನ್‌ಪುಟ್ ಪಟ್ಟಿಯಲ್ಲಿ ಆ ತೂತಿನ ಹೆಸರನ್ನು ‘ಪಿಸಿ’ ಎಂದು ಬದಲಿಸಿ. ಎಲ್‌ಜಿ, ಸ್ಯಾಮ್‌ಸಂಗಿನ ಹಲವು ಮಾದರಿಗಳಲ್ಲಿ ಈ ಹೆಸರು ಬದಲಾದೊಡನೆ ಟಿವಿ ತನ್ನ ಮೆರುಗಿನ ಕೆಲಸ ಬಿಟ್ಟು, ಬಂದದ್ದನ್ನು ಬಂದ ಹಾಗೆ ತೋರಿಸುತ್ತದೆ. ಜೊತೆಗೆ ‘ಶಾರ್ಪ್‌ನೆಸ್’ ಇಳಿಸಿ. ಅದು ಹೆಚ್ಚಾದಷ್ಟೂ ಅಕ್ಷರದ ಸುತ್ತ ಬಿಳಿ ನೆರಳು ಕಟ್ಟುತ್ತದೆ.

ಮೂರನೆಯದು ಚುಕ್ಕೆಗಳ ದಟ್ಟಣೆ. 15.6 ಇಂಚಿನ ಲ್ಯಾಪ್‌ಟಾಪಿನಲ್ಲಿ 1366×768 ಇದ್ದರೆ ಇಂಚಿಗೆ ಸುಮಾರು 100 ಚುಕ್ಕೆ. ಅದೇ ಲೆಕ್ಕ 32 ಇಂಚಿಗೆ ಹರಡಿದರೆ ಇಂಚಿಗೆ 49. ಹತ್ತಿರ ಕೂತು ಓದುವುದಕ್ಕೆ ಇದು ಸಾಲದು, ಯಾವ ಸೆಟ್ಟಿಂಗೂ ಇದನ್ನು ತುಂಬಿಕೊಡದು. ದೂರ ಕೂರಿ, ಡಿಸ್‌ಪ್ಲೇ ಸ್ಕೇಲನ್ನು 125 ಅಥವಾ 150ಕ್ಕೆ ಏರಿಸಿ. ಕೆಂಪು, ಬಿಳಿ, ಹಳದಿ ಪಿನ್ನಿನ ಹಳೆಯ ಟಿವಿಗೆ ಕನ್ವರ್ಟರ್ ಹಾಕಿ ಸಿನಿಮಾ ನೋಡಬಹುದು, ಪಾಠ ಓದಿಸಲಾಗದು.

ಬಣ್ಣ, ವೇಗ, ಸದ್ದು

ಕಪ್ಪು ಬೂದಿಯಂತೆ ಮಂಕಾಗಿದ್ದರೆ, ಅಥವಾ ಕತ್ತಲ ಚಿತ್ರವೆಲ್ಲ ಒಂದೇ ಕಪ್ಪಾಗಿದ್ದರೆ, ಒಂದು ಕಡೆ 0ಯಿಂದ 255ರ ಲೆಕ್ಕ, ಇನ್ನೊಂದು ಕಡೆ 16ರಿಂದ 235ರ ಲೆಕ್ಕ ಇದೆ. ಟಿವಿಯಲ್ಲೂ ಕಂಪ್ಯೂಟರಿನಲ್ಲೂ ‘ಫುಲ್’ ಇಡಿ. ಮೌಸ್ ಎಳೆದಾಡಿದಂತೆ ಓಡಿದರೆ ‘ಗೇಮ್ ಮೋಡ್’ ಹಾಕಿ. 4ಕೆ ಟಿವಿಯಲ್ಲೂ ಹಾಗಾಗುತ್ತಿದ್ದರೆ ಸೆಕೆಂಡಿಗೆ 30 ಸಲ ಮಾತ್ರ ಚಿತ್ರ ಹೋಗುತ್ತಿರಬಹುದು, ಎಚ್‌ಡಿಎಂಐ 1.4ರ ಮಿತಿ ಅಷ್ಟೇ. ಅಂಥ ಕಡೆ 1920×1080ಕ್ಕೆ ಇಳಿಸಿದರೆ 60 ಸಲ ಬರುತ್ತದೆ. ಸದ್ದು ಬಾರದಿದ್ದರೆ ಮೂಲೆಯ ಸ್ಪೀಕರ್ ಗುರುತು ಒತ್ತಿ ಟಿವಿಯ ಹೆಸರು ಆರಿಸಿ. ನೀಲಿ ಬಣ್ಣದ ವಿಜಿಎ ಕೇಬಲಿನಲ್ಲಿ ಸದ್ದು ಸಾಗುವುದೇ ಇಲ್ಲ, ಬೇರೆ ಆಡಿಯೊ ವೈರು ಬೇಕು. ತರಗತಿಯ ಗೋಡೆಯುದ್ದಕ್ಕೂ ಎಳೆದ ಹತ್ತು ಮೀಟರಿಗೂ ಉದ್ದದ ಎಚ್‌ಡಿಎಂಐ ಕೇಬಲಿನಲ್ಲಿ ಚಿತ್ರ ಆಗಾಗ ಕಪ್ಪಾಗಿ ಮರಳಿದರೆ ಅಥವಾ ಚುಕ್ಕೆ ಮಿನುಗಿದರೆ ಗಿಡ್ಡ ಕೇಬಲ್ ಹಾಕಿ ನೋಡಿ.

ಅರ್ತಿಂಗ್ ಮತ್ತು ಸಿಡಿಲು

ನಿಜವಾಗಿ ಕೆಡುವುದೂ ಉಂಟು, ಅದು ಹೆಚ್ಚಾಗಿ ಕರೆಂಟಿನಿಂದ. ಕೇಬಲ್ ಮುಟ್ಟಿದಾಗ ಜುಮ್ಮೆಂದರೆ ಅರ್ತಿಂಗ್ ಇಲ್ಲ ಎಂದು ತಿಳಿಯಿರಿ. ಟಿವಿಗೂ ಕಂಪ್ಯೂಟರಿಗೂ ನಡುವೆ ವೋಲ್ಟೇಜ್ ವ್ಯತ್ಯಾಸ ನಿಂತಾಗ ಎಚ್‌ಡಿಎಂಐ ಸಿಕ್ಕಿಸಿದರೆ ತೂತಿನ ಹಿಂದಿನ ಚಿಪ್ಪು ಸುಟ್ಟುಹೋಗಬಹುದು. ಎರಡನ್ನೂ ಒಂದೇ ಬೋರ್ಡಿನ ಮೂರು ಪಿನ್ನಿನ ಪ್ಲಗ್ಗಿಗೆ ಹಾಕಿ. ಮೂರನೇ ಪಿನ್ನು ಕತ್ತರಿಸಬೇಡಿ. ಕೇಬಲ್ ಸಿಕ್ಕಿಸುವಾಗ ಎರಡೂ ಆಫ್ ಆಗಿರಲಿ. ವಿಜಿಎ ಚಿತ್ರದಲ್ಲಿ ಅಡ್ಡ ಪಟ್ಟಿಗಳು ನಿಧಾನವಾಗಿ ಮೇಲೇರುತ್ತಿದ್ದರೆ ಅದಕ್ಕೂ ಮೂಲ ಹೆಚ್ಚಾಗಿ ಅರ್ತಿಂಗ್ ದೋಷವೇ.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲಿನ ಹೊಡೆತ ಕರೆಂಟಿನ ತಂತಿಯಲ್ಲಷ್ಟೇ ಬರುವುದಿಲ್ಲ. ಛಾವಣಿಯ ಡಿಶ್ಶಿನ ವೈರಿನಿಂದ ಟಿವಿಗೆ, ಟಿವಿಯಿಂದ ಎಚ್‌ಡಿಎಂಐ ಮೂಲಕ ಕಂಪ್ಯೂಟರಿಗೆ ದಾಟುತ್ತದೆ. ಮೋಡ ಕಟ್ಟುತ್ತಿದ್ದಂತೆ ಪ್ಲಗ್ಗನ್ನೂ ಡಿಶ್ ವೈರನ್ನೂ ಕಳಚಿ. ಗುಡುಗು ಶುರುವಾದ ಮೇಲೆ ಮುಟ್ಟಲು ಹೋಗಬೇಡಿ.

ಬಿಲ್ ಪಾಸ್ ಮಾಡುವ ಮುನ್ನ

ಮನೆಯವರು ತಮ್ಮ ಟಿವಿ ತಾವೇ ಸರಿಮಾಡಿಕೊಂಡಾರು. ಶಾಲೆ, ಅರಿವು ಕೇಂದ್ರದ ಟಿವಿ ಯಾರದ್ದೂ ಅಲ್ಲ ಎಂಬಂತಾಗಬಾರದು. ಟಿವಿ ತಂದು ಗೋಡೆಗೆ ಹೊಡೆದು, ರಿಮೋಟನ್ನು ಬೀರುವಿನಲ್ಲಿ ಬೀಗ ಹಾಕಿಟ್ಟರೆ ಮಸುಕು ಚಿತ್ರವೇ ಕಾಯಂ ಆಗುತ್ತದೆ. ಟಿವಿಯಲ್ಲಿ ಓದಲಾಗುವುದಿಲ್ಲ ಎಂದು ಶಿಕ್ಷಕರು ಅದನ್ನು ಹಾಕುವುದನ್ನೇ ಬಿಡುತ್ತಾರೆ. ಸಾರ್ವಜನಿಕ ಹಣ ಹೀಗೆ ಗೋಡೆಯ ಮೇಲೆ ತೂಗಿ ದಂಡವಾಗುವುದು ಬೇಡ.

ಮಾಡಬೇಕಾದ್ದು ದೊಡ್ಡದೇನಲ್ಲ. ಕೊಳ್ಳುವ ಆದೇಶದಲ್ಲಿ ಇಂಚು ಮಾತ್ರ ಬರೆಯದೆ, ಪರದೆಯ ನಿಜವಾದ ಚುಕ್ಕೆ ಕನಿಷ್ಠ 1920×1080 ಎಂದೂ ಬರೆಯಬೇಕು. ಯಾವ ತೂತು, ಯಾವ ಅಳತೆ, ಯಾವ ಪಿಕ್ಚರ್ ಸೆಟ್ಟಿಂಗ್ ಎಂಬ ಮೂರು ಸಾಲನ್ನು ಕನ್ನಡದಲ್ಲಿ ಬರೆದು ಟಿವಿಯ ಪಕ್ಕ ಅಂಟಿಸಬೇಕು. ಅರ್ತಿಂಗನ್ನು ಎಲೆಕ್ಟ್ರಿಷಿಯನ್ ಒಬ್ಬರು ನೋಡಿ ಹೋಗಿರಬೇಕು. ಕೊನೆಯದಾಗಿ, ಜೋಡಿಸಿದವರು ಹೊರಡುವ ಮೊದಲು ಮುಖ್ಯ ಶಿಕ್ಷಕರೋ ಪಿಡಿಒ ಅವರೋ ಕಡೆಯ ಬೆಂಚಿನಲ್ಲಿ ಕೂತು ದ, ಧ, ಪ, ಫ, ರಾಷ್ಟ್ರ, ಸ್ವಾತಂತ್ರ್ಯ ಎಂದು ಓದಬೇಕು. ಸಲೀಸಾಗಿ ಓದಲಾದರೆ ಮಾತ್ರ ಬಿಲ್ಲಿಗೆ ಸಹಿ ಹಾಕಬೇಕು.