ಮಣ್ಣಿಗೆ ತಗಲುವ ಖರ್ಚು

ಕಳೆದ ಮಳೆಗಾಲದ ಒಂದು ಭಾನುವಾರ, ಬಳಗದ ತಿಂಗಳ ಕೂಟ ಮುಗಿಸಿ ಚಹಾ ಕುಡಿಯುತ್ತಿದ್ದೆವು. ಮುಂಬಯಿಯ ಪೂರ್ವ ಉಪನಗರದಲ್ಲಿ ಕಟ್ಟುತ್ತಿದ್ದ ಕಟ್ಟಡವೊಂದರ ಕೂಲಿಕಾರರ ಬಿಡಾರದಿಂದ ಫೋನು ಬಂತು. ಕಲಬುರಗಿ ಜಿಲ್ಲೆಯಿಂದ ಬಂದಿದ್ದ ಗಾರೆ ಕೆಲಸದವನೊಬ್ಬ ಜ್ವರದಿಂದ ತೀರಿಕೊಂಡಿದ್ದ. ಅವನ ಹೆಂಡತಿ ಕೇಳುತ್ತಿದ್ದುದು ಒಂದೇ: ಊರಿಗೆ ಒಯ್ದು ಮಣ್ಣು ಕೊಡಬೇಕು. ಆಸ್ಪತ್ರೆಯ ಬಾಕಿ ಬೇರೆಯೇ ಇತ್ತು. ಆಂಬುಲೆನ್ಸಿನವನು ಹೋಗುವ ಹಾದಿಯ ಜೊತೆಗೆ ಬರಿಗಾಡಿ ಮರಳುವ ಹಾದಿಗೂ ಲೆಕ್ಕ ಹಾಕಿ 22,000 ರೂಪಾಯಿ ಕೇಳಿದ. ಹಣವನ್ನು ಮುಕಾದಮ ಕೊಟ್ಟ, ಮುಂಗಡವೆಂದು ಬರೆದುಕೊಂಡು. ಆ ಮುಂಗಡವನ್ನು ಆಕೆಯೂ ಶಾಲೆ ಬಿಟ್ಟ ಹಿರಿಯ ಮಗನೂ ಈಗ ಇಟ್ಟಿಗೆ ಹೊತ್ತು ತೀರಿಸುತ್ತಿದ್ದಾರೆ.

ಅಂದು ನಾವು ಮಾಡಿದ್ದೇನು? ಕೈಯಲ್ಲಿದ್ದುದನ್ನು ಕೂಡಿಸಿ 3,400 ರೂಪಾಯಿ ಕಳಿಸಿದೆವು. ಉಳಿದ ಹೊತ್ತನ್ನು ಉಪದೇಶಕ್ಕೆ ವಿನಿಯೋಗಿಸಿದೆವು. ಇಲ್ಲಿಯೇ ದಹನ ಮಾಡಿದರೆ ಆಗದೇ? ಮಹಾನಗರಪಾಲಿಕೆ ಸೌದೆಯನ್ನು ಪುಕ್ಕಟೆ ಕೊಡುತ್ತದಲ್ಲ? ಸತ್ತವನಿಗೆ ಯಾವ ಊರಾದರೇನು? ಇವರ ಬಡತನಕ್ಕೆ ಇಂಥ ದುಂದೇ ಕಾರಣ. ಹೀಗೆಲ್ಲ ಆಡಿದವರು ಹೊರಗಿನವರಾಗಿರಲಿಲ್ಲ. ನಮ್ಮೊಳಗಿನವರೇ ಆಡಿದರು, ಮಿಕ್ಕವರು ತಲೆಯಾಡಿಸಿದೆವು. ಈ ಬರಹ ಆ ಮಾತಿನ ವಿರುದ್ಧ, ಅಂದರೆ ನಮ್ಮ ವಿರುದ್ಧ.

ಮೊದಲಿಗೆ, ಪುಕ್ಕಟೆ ಸೌದೆ ಸುಡುವವರಿಗೆ. ಉತ್ತರ ಕರ್ನಾಟಕದಿಂದ ಇಲ್ಲಿಗೆ ದುಡಿಯಲು ಬರುವವರಲ್ಲಿ ಬಹುಪಾಲು ಜನ ಹೂಳುವವರು. ಆ ಸೀಮೆಯ ಆಡುಮಾತಿನಲ್ಲಿ ಶವಸಂಸ್ಕಾರದ ಹೆಸರೇ ಮಣ್ಣು. 'ನಾಳೆ ಹತ್ತಕ್ಕ ಮಣ್ಣು' ಎಂದರೆ ಸಾಕು, ದಾಯಾದಿಗಳು, ಬೀಗರು, ಓಣಿಯವರು, ಮಾತು ಬಿಟ್ಟವರು ಕೂಡ ಬರುತ್ತಾರೆ. ಬಂದು ಹಿಡಿ ಮಣ್ಣು ಹಾಕುತ್ತಾರೆ. ಅದನ್ನು ಬರಿಯ ಭಾವುಕತೆ ಎಂದು ತಳ್ಳಿಹಾಕುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಗಂಡನ ಪಾಲಿನ ಅರ್ಧ ಎಕರೆ, ಭಾವನ ಮನೆಯ ಒಂದು ಮೂಲೆ, ಊರಿನ ಪಡಿತರ ಚೀಟಿ, ಮಗಳ ಮದುವೆಗೆ ನಿಲ್ಲುವ ನಾಲ್ಕು ಮಂದಿ: ಇವಿಷ್ಟೇ ಆ ವಿಧವೆಯ ಆಸ್ತಿ. ಊರೆಲ್ಲ ನೋಡುವಂತೆ ಗಂಡನನ್ನು ಅವನ ನೆಲದಲ್ಲಿ ಮಣ್ಣು ಮಾಡಿ ಬಂದವಳ ಹಕ್ಕನ್ನು ಅಲ್ಲಗಳೆಯುವುದು ದಾಯಾದಿಗಳಿಗೆ ಸುಲಭವಲ್ಲ. ಮುಂಬಯಿಯ ವಿದ್ಯುತ್ ಚಿತಾಗಾರದ ರಸೀತಿ ಹಿಡಿದು ಒಂಟಿಯಾಗಿ ಊರ ಬಾಗಿಲಿಗೆ ಬಂದವಳ ಗತಿ ಬೇರೆ. ನಾವು ಜೀವವಿಮೆಗೆ ಕಟ್ಟುವ ಕಂತನ್ನು ವಿವೇಕವೆನ್ನುತ್ತೇವೆ. ಆಕೆ ಒಂದೇ ಗಂಟಿನಲ್ಲಿ ಕಟ್ಟಿದ 22,000 ಮಾತ್ರ ನಮ್ಮ ಕಣ್ಣಿಗೆ ದುಂದು.

ಇನ್ನು ನಮ್ಮ ಮನೆಗಳ ಸಾವು. ಅಮೆರಿಕದ ಮಗ ಬಂದಿಳಿಯುವವರೆಗೆ ತಂದೆ ಶೀತಪೆಟ್ಟಿಗೆಯಲ್ಲಿ ಕಾಯುತ್ತಾರೆ. ಪತ್ರಿಕೆಯಲ್ಲಿ ಬಣ್ಣದ ಭಾವಚಿತ್ರ, ಕೆಳಗೆ ಪದವಿಗಳ ಸಮೇತ ಮಕ್ಕಳು, ಅಳಿಯಂದಿರು, ಸೊಸೆಯಂದಿರು. ಉತ್ತರಕ್ರಿಯೆಗೆ ಸಭಾಭವನ, ಎರಡು ಬಗೆಯ ಪಾಯಸ, ಬಂದವರಿಗೆಲ್ಲ ಸ್ಟೀಲಿನ ಡಬ್ಬಿ. ವರ್ಷಾಂತಿಕಕ್ಕೆ ಸಂಸ್ಮರಣ ಗ್ರಂಥ. ಅದಕ್ಕೆ ಮುನ್ನುಡಿ ಬರೆದವರೂ ನಾವೇ, ಎರಡು ಸಲ. ಇದನ್ನೆಲ್ಲ ಯಾರೂ ದುಂದು ಎಂದದ್ದನ್ನು ಕೇಳಿಲ್ಲ. ಇದರ ಹೆಸರು ಗೌರವ. ಅಸ್ಥಿಯನ್ನು ಗೋಕರ್ಣಕ್ಕೋ ನಾಸಿಕಕ್ಕೋ ಕಾಶಿಗೋ ಒಯ್ಯುವ ನಾವು, ದೇಹವನ್ನು ಕಲಬುರಗಿಗೆ ಒಯ್ಯಬೇಡಿರೆಂದು ಬುದ್ಧಿ ಹೇಳಿದೆವು.

ಸಾಹಿತ್ಯದವರೆಂಬ ಹೆಮ್ಮೆಯೂ ನಮಗಿದೆಯಷ್ಟೇ. ರಾಘವಾಂಕನ ಹರಿಶ್ಚಂದ್ರನನ್ನು ಎಷ್ಟು ಸಲ ವಾಚಿಸಿದ್ದೇವೆ, ಎಷ್ಟು ಸಲ ಕಣ್ಣೊರೆಸಿಕೊಂಡಿದ್ದೇವೆ! ಸತ್ಯಸಂಧತೆಯ ಪರೀಕ್ಷೆಯೆಂದು ಅದನ್ನು ಕೊಂಡಾಡುತ್ತೇವೆ. ಆದರೆ ಆ ನಡುರಾತ್ರಿಯ ದೃಶ್ಯದಲ್ಲಿ ನಿಜಕ್ಕೂ ನಡೆಯುವುದೇನು? ಮಗನ ಹೆಣ ಹೊತ್ತ ತಾಯಿಯ ಬಳಿ ಸುಡುಗಾಡಿನ ತೆರಿಗೆಗೆ ಕಾಸಿಲ್ಲ. ಅನಂತಮೂರ್ತಿಯವರ 'ಸಂಸ್ಕಾರ'ದ ಮೇಲೆ ವಿಚಾರಗೋಷ್ಠಿ ನಡೆಸಿದವರು ನಾವು. ಅಗ್ರಹಾರ ಧರ್ಮಶಾಸ್ತ್ರ ಜಿಜ್ಞಾಸೆಯಲ್ಲಿ ಮುಳುಗಿರುವಾಗ ಚಂದ್ರಿ ಒಡವೆ ಬಿಚ್ಚಿ ಮುಂದಿಡುತ್ತಾಳೆ. ಕೊನೆಗೆ ಹೆಣವನ್ನು ಸಾಗಿಸಲು ನೆರವಾಗುವವನು ಮೀನಿನ ವ್ಯಾಪಾರದ ಅಹಮದ್ ಬ್ಯಾರಿ. ಆ ಗೋಷ್ಠಿಯಲ್ಲಿ ಅಸ್ತಿತ್ವವಾದದ ಬಗ್ಗೆ ಮೂರು ಪ್ರಬಂಧಗಳು ಮಂಡನೆಯಾದವು. ಖರ್ಚಿನ ಬಗ್ಗೆ ಒಂದೂ ಇರಲಿಲ್ಲ. ಆ ಭಾನುವಾರ ಚಹಾದ ಲೋಟ ಹಿಡಿದು ಕುಳಿತ ನಮ್ಮದೂ ಒಂದು ಅಗ್ರಹಾರವೇ ಆಗಿತ್ತು.

ಕಾನೂನು ಇಲ್ಲವೆಂದಲ್ಲ. ಘನತೆಯ ಹಕ್ಕು ಮೃತದೇಹಕ್ಕೂ ಸಲ್ಲುತ್ತದೆಂದು ಸುಪ್ರೀಂ ಕೋರ್ಟು 1995ರಲ್ಲಿಯೇ ಹೇಳಿದೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನ ಪ್ರಕಾರ ಬಾಕಿಯ ನೆಪದಲ್ಲಿ ಆಸ್ಪತ್ರೆಗಳು ದೇಹವನ್ನು ತಡೆಹಿಡಿಯುವಂತಿಲ್ಲ. ಆದರೂ 2016ರಲ್ಲಿ, ಒಡಿಶಾದ ಕಾಳಾಹಂಡಿಯಲ್ಲಿ, ಹೆಂಡತಿಯ ದೇಹವನ್ನು ಬಟ್ಟೆಯಲ್ಲಿ ಸುತ್ತಿ ಹೆಗಲ ಮೇಲೆ ಹೊತ್ತು ಹತ್ತು ಕಿಲೋಮೀಟರು ನಡೆದವನನ್ನೂ, ಅಳುತ್ತ ಅವನ ಪಕ್ಕದಲ್ಲಿ ಹೆಜ್ಜೆ ಹಾಕಿದ ಮಗಳನ್ನೂ ದೇಶವೆಲ್ಲ ಟಿ.ವಿ.ಯಲ್ಲಿ ನೋಡಿತು. ನಮ್ಮ ಕರ್ನಾಟಕವೇನೂ ಮೇಲಲ್ಲ. ದಲಿತರಿಗೆ ಹೆಣ ಹೂಳಲು ನೆಲವಿಲ್ಲದ ಊರುಗಳು ಇಂದಿಗೂ ಇವೆ. ಹಳ್ಳಿಗಳಿಗೆ ಸ್ಮಶಾನದ ಜಾಗ ಒದಗಿಸಿ ಎಂದು ಸರ್ಕಾರಕ್ಕೆ ಹೇಳಲು ಹೈಕೋರ್ಟೇ ಬೇಕಾಯಿತು. ಬಡ ಕುಟುಂಬಕ್ಕೆಂದು ರಾಜ್ಯದ ಅಂತ್ಯಸಂಸ್ಕಾರ ಯೋಜನೆ ಗೊತ್ತುಮಾಡಿದ್ದ ಮೊತ್ತ 5,000 ರೂಪಾಯಿ. ಮುಂಬಯಿಯಿಂದ ಹೊರಟ ಆಂಬುಲೆನ್ಸು ಅಷ್ಟರಲ್ಲಿ ಪುಣೆ ದಾಟಿ ಹೆಚ್ಚು ದೂರ ಹೋಗದು.

ಕಟ್ಟಡ ಕಾರ್ಮಿಕರಿಗೆ ಕಲ್ಯಾಣ ಮಂಡಳಿಯಿದೆಯಲ್ಲ ಎಂದು ಬಲ್ಲವರು ಕೇಳಬಹುದು. ಇದೆ. ಪ್ರತಿ ರಾಜ್ಯದಲ್ಲೂ ಇರಬೇಕೆಂದು 1996ರ ಕಾಯಿದೆಯೇ ವಿಧಿಸಿತ್ತು. ಅಂತ್ಯಕ್ರಿಯೆಯ ನೆರವೂ ಅದರಿಂದ ಸಿಗುತ್ತದೆ. ಆದರೆ ಸತ್ತವನು ಬದುಕಿದ್ದಾಗಲೇ ನೋಂದಾಯಿಸಿಕೊಂಡಿರಬೇಕು. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದದ್ದಕ್ಕೆ ಪ್ರಮಾಣಪತ್ರ ಬೇಕು. ಹಾಜರಿಪಟ್ಟಿಯಲ್ಲಿ ಕೂಲಿಯವರ ಹೆಸರೇ ಸೇರದಂತೆ ನೋಡಿಕೊಳ್ಳುವ ಗುತ್ತಿಗೆದಾರನಿಂದ ಆ ಪತ್ರ ತರುವುದು ಹೇಗೆ? ತಂದರೂ ಹಣ ಕೈಸೇರುವುದು ತಿಂಗಳುಗಳಾದ ಮೇಲೆ. ಹೆಣವನ್ನು ಎತ್ತಬೇಕಾದುದು ಆ ಹೊತ್ತಿಗೇ. ಆ ಹೊತ್ತಿಗೆ ನಗದು ಇರುವುದು ಮುಕಾದಮನ ಜೇಬಿನಲ್ಲಿ ಮಾತ್ರ. ಅವನ ಬಡ್ಡಿ ಇಡೀ ಸಂಸಾರದ ಮುಂದಿನ ವರ್ಷಗಳನ್ನು ಹಿಡಿದುಕೊಳ್ಳುತ್ತದೆ.

ಈ ನಗರದಲ್ಲಿ ಕನ್ನಡದ ಹೆಸರಿನ ಸಂಘಗಳಿಗೆ ಬರವಿಲ್ಲ. ಕೆಲವಕ್ಕೆ ಸ್ವಂತ ಕಟ್ಟಡ, ಹಲವಕ್ಕೆ ಬ್ಯಾಂಕಿನಲ್ಲಿ ಠೇವಣಿ ಇದೆ. ರಾಜ್ಯೋತ್ಸವದ ಪಲ್ಲಕ್ಕಿಗೆ ಹೆಗಲು ಕೊಡಲು ಈ ಕೂಲಿಕಾರರನ್ನು ಕರೆದಿದ್ದೇವೆ. ಅವರ ಹೆಣಕ್ಕೆ ಹೆಗಲು ಕೊಡುವ ಪ್ರಸಂಗ ಬಂದಾಗ ಮಾತ್ರ ಮಿತವ್ಯಯದ ಪಾಠ. ಬಿಡಾರದವರೇ ಅಂದು ತಮ್ಮ ಭಿಶಿಯ ಹಣ ಮುರಿದು, ಆ ತಿಂಗಳ ಸರದಿಯವನನ್ನು ಒಪ್ಪಿಸಿ, ಆಸ್ಪತ್ರೆಯ ಬಾಕಿ ತೀರಿಸಿದರು. ಅವರ ಪೈಕಿ ಯಾರೂ ಆ ಹೆಣ್ಣುಮಗಳಿಗೆ ಬುದ್ಧಿ ಹೇಳಲಿಲ್ಲ.

ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ನಾವು ಎರಡು ಸೂಚನೆ ಮಂಡಿಸಲಿದ್ದೇವೆ. ಈ ವರ್ಷದ ಸ್ಮರಣ ಸಂಚಿಕೆಯನ್ನು ಕೈಬಿಟ್ಟು ಅದರ ಮೊತ್ತವನ್ನು ಬಡ್ಡಿಯಿಲ್ಲದೆ, ಅರ್ಜಿಯಿಲ್ಲದೆ, ಅದೇ ರಾತ್ರಿ ಕೈಗೆ ಕೊಡುವ ಮಣ್ಣಿನ ನಿಧಿಯಾಗಿ ಇಡುವುದು ಒಂದು. ಬಳಗದ ಭಾನುವಾರಗಳಲ್ಲಿ ತಿಂಗಳಿಗೊಂದನ್ನು ಬಿಡಾರಗಳಿಗೆ ಹೋಗಿ ಮಂಡಳಿಯ ನೋಂದಣಿ ಪತ್ರ ತುಂಬಿಕೊಡಲು ಮೀಸಲಿಡುವುದು ಇನ್ನೊಂದು. ಸಂಚಿಕೆಗೆ ಈಗಾಗಲೇ ಜಾಹೀರಾತು ಹಿಡಿದವರು ಸಿಟ್ಟಾಗಿದ್ದಾರೆಂದು ಕಾರ್ಯದರ್ಶಿಗಳು ತಿಳಿಸಿದ್ದಾರೆ. ಅವರೂ ಸಭೆಗೆ ಬರಲಿ. ಮುಕಾದಮನಿಗೆ ಇನ್ನೂ 9,000 ರೂಪಾಯಿ ಬಾಕಿಯಿದೆ. ಅದನ್ನು ಅಂದೇ ಕೂಡಿಸಬೇಕು.