ಅಜ್ಜಿ ಸುರ್ ಬಿಟ್ಟಿಲ್ಲ, ನಿಮ್ಮ ಪ್ಲಗಿನ್ ಬಿಟ್ಟಿದೆ

ನಮ್ಮ ಕಡೆ ಈಗ ಸಣ್ಣ ಊರುಗಳಲ್ಲೂ ರೆಕಾರ್ಡಿಂಗ್ ಸ್ಟುಡಿಯೋಗಳಿವೆ. ಜೆರಾಕ್ಸ್ ಅಂಗಡಿ ಮೇಲೊಂದು, ಬಸ್ ಸ್ಟ್ಯಾಂಡ್ ಹಿಂದೊಂದು. ಗೋಡೆಗೆ ಸ್ಪಂಜು, ಒಂದು ಮೈಕು, ಒಂದು ಕಂಪ್ಯೂಟರು, ಅಷ್ಟೇ. ತತ್ವಪದದವರು, ಗೀಗಿ ಮೇಳದವರು, ಚೌಡಿಕೆ ಪದದವರು, ಸೋಬಾನೆ ಹಾಡುವ ಅಜ್ಜಿಯರು ಅಲ್ಲಿಗೆ ಹೋಗಿ ಹಾಡಿ ಬರುತ್ತಿದ್ದಾರೆ. ಇದು ಒಳ್ಳೆಯದೇ. ಬೆಂಗಳೂರಿಗೆ ಹೋಗದೆ, ಯಾರ ಕಾಲೂ ಹಿಡಿಯದೆ ನಮ್ಮೂರ ಹಾಡು ಯೂಟ್ಯೂಬಿಗೆ ಏರುತ್ತಿದೆ.

ನನ್ನ ತಕರಾರು ಇರೋದು, ಹಾಡಿದವರು ಎದ್ದು ಮನೆಗೆ ಹೋದ ಮೇಲೆ ಆ ಕಂಪ್ಯೂಟರಿನಲ್ಲಿ ನಡೆಯುವ ಒಂದು ಕೆಲಸದ ಬಗ್ಗೆ. ಅದರ ಹೆಸರು ಪಿಚ್ ಕರೆಕ್ಷನ್. ಎಲ್ಲರ ಬಾಯಲ್ಲೂ ಅದು ಆಟೋಟ್ಯೂನ್. ಹಾಡಿದವರನ್ನು ಒಂದು ಮಾತು ಕೇಳದೆ, ಬಂದ ಬಂದ ದನಿಗೆಲ್ಲ ಅದನ್ನು ಹಚ್ಚುತ್ತಿದ್ದಾರೆ. ಜಾನಪದ ಹಾಡುಗಾರರ ದನಿಗೆ ಹೀಗೆ ಹಚ್ಚುವುದು ನಿಲ್ಲಬೇಕು.

ಪ್ಲಗಿನ್ ಅಂದರೇನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಟ್ರ್ಯಾಕ್ಟರ್ ಒಂದೇ ಇರುತ್ತೆ. ಅದರ ಹಿಂದೆ ಬೇಕಾದಾಗ ನೇಗಿಲು ಕಟ್ಟುತ್ತೇವೆ, ಬೇಕಾದಾಗ ರೋಟವೇಟರ್. ಕ್ಯೂಬೇಸ್, ಎಫ್‌ಎಲ್ ಸ್ಟುಡಿಯೋ, ರೀಪರ್ ಇವೆಲ್ಲ ಟ್ರ್ಯಾಕ್ಟರ್ ಇದ್ದ ಹಾಗೆ. ಹಿಂದೆ ಕಟ್ಟುವ ಸಾಮಾನು ಪ್ಲಗಿನ್. 1996ರಲ್ಲಿ ಜರ್ಮನಿಯ ಸ್ಟೈನ್‌ಬರ್ಗ್ ಕಂಪನಿ ವಿಎಸ್‌ಟಿ ಅನ್ನೋ ಒಂದು ಜೋಡಣೆ ತಂದಿತು. ಆಮೇಲೆ ಯಾರು ಬೇಕಾದರೂ ಪ್ಲಗಿನ್ ಮಾಡಿ ಮಾರುವ ಹಾಗಾಯ್ತು. ಮೊದಲು ಲಕ್ಷಾಂತರ ರೂಪಾಯಿಯ ಪೆಟ್ಟಿಗೆಗಳು ಮಾಡುತ್ತಿದ್ದ ಕೆಲಸ ಈಗ ಒಂದು ಲ್ಯಾಪ್‌ಟಾಪಿನಲ್ಲಿ ಮುಗಿಯುತ್ತದೆ.

ಇವೆಲ್ಲ ಕೆಟ್ಟವು ಅಂತ ನಾನು ಹೇಳುತ್ತಿಲ್ಲ. ಈಕ್ವಲೈಜರ್ ಹಾಕಿ ಗುಂಯ್ ಅನ್ನೋದನ್ನ ತಗ್ಗಿಸಿ, ಬೇಡ ಅನ್ನೋರು ಯಾರು? ಕರೆಂಟಿನ 50 ಹರ್ಟ್ಸ್ ಗುಂಗು ತೆಗೆಯಿರಿ, ಫ್ಯಾನಿನ ಸದ್ದು ತೆಗೆಯಿರಿ. ಕಂಪ್ರೆಸರ್ ಹಾಕಿ ಸಣ್ಣ ದನಿ ಎತ್ತಿ, ದೊಡ್ಡ ದನಿ ಇಳಿಸಿ. ಸ್ಪಂಜಿನ ಕೋಣೆಯಲ್ಲಿ ಹಾಡಿದ್ದಕ್ಕೆ ಒಂಚೂರು ರಿವರ್ಬ್ ಹಾಕಿ ಗುಡಿಯ ಪ್ರಾಂಗಣದ ಗಾಳಿ ಕೊಡಿ. (ಬೀಸುವ ಪದದ ಹಿಂದಿನ ಕಲ್ಲಿನ ಸದ್ದನ್ನೂ ನಾಯ್ಸ್ ಅಂತ ತೆಗೆದುಬಿಡುವ ಪುಣ್ಯಾತ್ಮರಿದ್ದಾರೆ. ಅವರ ಜೊತೆ ಜಗಳ ಇನ್ನೊಂದು ದಿನ.) ಈ ಪ್ಲಗಿನ್‌ಗಳು ದನಿಯ ಬಟ್ಟೆಬರೆ ಬದಲಿಸುತ್ತವೆ, ಯಾವ ಸ್ವರ ಹಾಡಿದರೋ ಆ ಸ್ವರ ಹಾಗೇ ಉಳಿಯುತ್ತದೆ. ಪಿಚ್ ಕರೆಕ್ಷನ್ ಮಾತ್ರ ಸ್ವರಕ್ಕೇ ಕೈ ಹಾಕುತ್ತದೆ. ಹಾಡಿದವರು ಹಾಡದೇ ಇದ್ದದ್ದನ್ನು ಹಾಡಿದರು ಅಂತ ತೋರಿಸುತ್ತದೆ.

ಇದನ್ನು ಕಂಡುಹಿಡಿದ ಆಂಡಿ ಹಿಲ್ಡೆಬ್ರಾಂಡ್ ಅಮೆರಿಕದವರು. ಸಂಗೀತಕ್ಕೆ ಬರುವ ಮೊದಲು ಅವರು ಇದ್ದದ್ದು ತೈಲದ ಉದ್ಯಮದಲ್ಲಿ. ನೆಲದೊಳಕ್ಕೆ ಸದ್ದು ಕಳಿಸಿ, ವಾಪಸ್ ಬರುವ ಪ್ರತಿಧ್ವನಿಯಿಂದ ಎಣ್ಣೆ ಎಲ್ಲಿದೆ ಅಂತ ಲೆಕ್ಕ ಹಾಕುವ ವಿದ್ಯೆ ಅವರದು. ನಮ್ಮಲ್ಲಿ ತೆಂಗಿನಕಾಯಿ ಹಿಡಿದು ಬೋರ್‌ವೆಲ್ ಪಾಯಿಂಟ್ ನೋಡೋರಿಗಿಂತ ಲೆಕ್ಕ ಸ್ವಲ್ಪ ಗಟ್ಟಿ ಅನ್ನಿ. ಅದೇ ಗಣಿತವನ್ನು ಮನುಷ್ಯರ ದನಿಗೆ ಹೊಂದಿಸಿ 1997ರಲ್ಲಿ ಅವರ ಆಂಟಾರಿಸ್ ಕಂಪನಿ ಆಟೋಟ್ಯೂನ್ ಬಿಡುಗಡೆ ಮಾಡಿತು. ಎಲ್ಲೋ ಒಂದು ಸ್ವರ ಜಾರಿದರೆ ಇಡೀ ಹಾಡನ್ನು ಮತ್ತೆ ಹಾಡಿಸುವ ಬದಲು ಅಷ್ಟನ್ನೇ ಸರಿಮಾಡಲಿ ಅನ್ನೋದು ಉದ್ದೇಶ. ಮರುವರ್ಷವೇ, 1998ರಲ್ಲಿ, ಶೆರ್ ಎಂಬ ಗಾಯಕಿಯ 'ಬಿಲೀವ್' ಹಾಡಿನಲ್ಲಿ ಅದನ್ನು ಅತಿಯಾಗಿ ತಿರುಗಿಸಿ ಯಂತ್ರದಂಥ ದನಿ ಮಾಡಿದರು. ಹಾಡು ಜಗತ್ತೆಲ್ಲ ಓಡಿತು. ಮಾಡಿದವರು ಮೊದಮೊದಲು ಗುಟ್ಟು ಬಿಡದೆ ಬೇರೆ ಯಂತ್ರದ ಹೆಸರು ಹೇಳಿದ್ದರು. ಈಗ ಅದು ಗುಟ್ಟೇನೂ ಅಲ್ಲ. ನಮ್ಮ ಡಿಜೆ ಹಾಡುಗಳಲ್ಲಿ ದಿನಾ ಕೇಳುವ ದನಿ ಅದೇ.

ಈ ಪ್ಲಗಿನ್ ಕೆಲಸ ಮಾಡುವ ಬಗೆ ಸರಳ. ಹಾಡಿದ ದನಿ ಯಾವ ಎತ್ತರದಲ್ಲಿದೆ ಅಂತ ಕ್ಷಣಕ್ಷಣಕ್ಕೂ ಅಳೆಯುತ್ತದೆ. ಆಮೇಲೆ ಪಕ್ಕದಲ್ಲಿರುವ ‘ಸರಿಯಾದ' ಸ್ವರಕ್ಕೆ ಎಳೆದು ಕೂರಿಸುತ್ತದೆ. ಸರಿಯಾದದ್ದು ಯಾವುದು ಅಂತ ಯಾರು ಹೇಳಿದರು? ಬೇರೆ ಏನೂ ಹೇಳದಿದ್ದರೆ ಅದು ನಂಬುವುದು ಕೀಬೋರ್ಡಿನ 12 ಮನೆಗಳನ್ನು.

ಒಂದು ಸಾ ದಿಂದ ಮೇಲಿನ ಸಾ ವರೆಗಿನ ದೂರವನ್ನು 1200 ಸೆಂಟ್ ಅಂತ ಅಳೆಯುತ್ತಾರೆ. ಇವತ್ತಿನ ಕೀಬೋರ್ಡಿನಲ್ಲಿ ಮನೆಯಿಂದ ಮನೆಗೆ ಸರಿಯಾಗಿ 100. ಆದರೆ ಚೆನ್ನಾಗಿ ಶ್ರುತಿ ಮಾಡಿದ ತಂಬೂರಿ ಮೀಟಿದರೆ, ತಂತಿಯೊಳಗಿಂದ ತಾನಾಗಿ ಒಂದು ಗಾಂಧಾರ ಕೇಳುತ್ತದಲ್ಲ, ಅದು ಇರೋದು ಸುಮಾರು 386ರಲ್ಲಿ. ಕೀಬೋರ್ಡಿನ ಗಾಂಧಾರ 400ರಲ್ಲಿ. ತಂಬೂರಿ ಕೇಳಿಕೊಂಡು ಬೆಳೆದ ಗಂಟಲು ಮೊದಲನೆಯದನ್ನು ಹಾಡುತ್ತದೆ. ಪ್ಲಗಿನ್ ಅದನ್ನು ತಪ್ಪು ಅಂತ ಬರೆದುಕೊಂಡು ಮೇಲಕ್ಕೆ ಎಳೆಯುತ್ತದೆ. ತಂಬೂರಿಯೂ ಹಾಡುಗಾರನೂ ಒಂದಾಗಿದ್ದ ಕಡೆ ಇಬ್ಬರಿಗೂ ಬೇರೆ ಮಾಡಿ ಕೂರಿಸುತ್ತದೆ.

ಏಕತಾರಿ ಹಿಡಿದು ತತ್ವಪದ ಹಾಡೋರನ್ನು ನೋಡಿ. ಅವರು ತಂತಿ ಬಿಗಿಯೋದು ತಮ್ಮ ಗಂಟಲಿಗೆ ತಕ್ಕ ಹಾಗೆ. ಅದು ಕಪ್ಪು ಒಂದಕ್ಕೂ ಬಿಳಿ ಎರಡಕ್ಕೂ ನಡುವೆ ಎಲ್ಲೋ ನಿಂತಿರಬಹುದು. ಅದರಲ್ಲಿ ಏನು ತಪ್ಪಿದೆ? ದನಿಗೆ ಅದೇ ಸಲೀಸು. ಈಗ ಸ್ಟುಡಿಯೋದಲ್ಲಿ ದನಿಗೊಂದು ಮೈಕು, ಏಕತಾರಿಗೊಂದು ಮೈಕು. ದನಿಯ ಟ್ರ್ಯಾಕಿಗೆ ಆಟೋಟ್ಯೂನ್ ಬೀಳುತ್ತದೆ, ಏಕತಾರಿಗೆ ಬೀಳುವುದಿಲ್ಲ. ದನಿ ಪಕ್ಕದ ಮನೆಗೆ ಹೋಗಿ ಕೂರುತ್ತದೆ, ತಂತಿ ತನ್ನ ಜಾಗದಲ್ಲೇ ಇರುತ್ತದೆ. ಎರಡೂ ಕಚ್ಚಾಡುತ್ತವೆ. ಆಪರೇಟರ್ ಕಿವಿಗೂ ಅದು ಕೇಳುತ್ತದೆ. ಆಗ ಅವನು ಮಾಡೋದೇನು? ಏಕತಾರಿಯ ಟ್ರ್ಯಾಕನ್ನೇ ಮ್ಯೂಟ್ ಮಾಡಿ ಕೀಬೋರ್ಡಿನ ಪ್ಯಾಡ್ ಹಾಕುತ್ತಾನೆ. ಒಂದು ಸ್ಟುಡಿಯೋದಲ್ಲಿ ಇದನ್ನು ನಾನೇ ಕೂತು ನೋಡಿದ್ದೇನೆ. ಕೇಳಿದ್ದಕ್ಕೆ ಸಿಕ್ಕ ಉತ್ತರ: "ಮುತ್ಯಾ ಸುರ್ ಬಿಟ್ಟಾನ್ರೀ, ಸಾಫ್ಟ್‌ವೇರ್ ಹಾಕಿ ಸರಿ ಮಾಡೀನಿ. ತಂತಿನೂ ಸುರ್‌ನ್ಯಾಗ ಇದ್ದಿಲ್ಲ."

ದನಿ, ತಂತಿ ಎರಡೂ ಒಂದಕ್ಕೊಂದು ಕೂಡಿದ್ದವು. ಇಬ್ಬರೂ ಸೇರಿ ತಪ್ಪಿದರು ಅಂತ ತೀರ್ಪು ಕೊಟ್ಟದ್ದು ಪೆನ್‌ಡ್ರೈವ್‌ನಲ್ಲಿ ಬಂದ ಒಂದು ಸೆಟ್ಟಿಂಗು.

ಚೌಡಿಕೆಯ ಗತಿ ಇನ್ನೂ ಕಷ್ಟ. ಆ ವಾದ್ಯದ ಜೀವ ಇರೋದೇ ತಂತಿಯನ್ನು ಬಿಗಿದು ಸಡಿಲಿಸಿ ದನಿಯನ್ನು ಜಾರಿಸುವುದರಲ್ಲಿ. ಎಲ್ಲಮ್ಮನ ಪದ ಹಾಡುವ ಜೋಗತಿಯರ ಗಂಟಲು ಅದರ ಬೆನ್ನು ಹತ್ತಿ ಜಾರುತ್ತದೆ, ಸಾಲಿನ ಕೊನೆಗೆ ಅಳುವಿಗೂ ಹಾಡಿಗೂ ನಡುವಿನ ಒಂದು ಇಳಿಜಾರು ಬರುತ್ತದೆ. ರಿಟ್ಯೂನ್ ಸ್ಪೀಡ್ ಅನ್ನೋ ಗುಂಡಿಯನ್ನು ಸೊನ್ನೆಗೆ ಇಟ್ಟ ಆಟೋಟ್ಯೂನ್ ಆ ಇಳಿಜಾರನ್ನು ಮೆಟ್ಟಿಲು ಮಾಡುತ್ತದೆ. ಟಕ್, ಟಕ್, ಟಕ್ ಅಂತ ಇಳಿಯುತ್ತದೆ. ಫೋನಿನಲ್ಲಿ ಯಾವುದೇ ಜಾನಪದ ಹಾಡು ಹಚ್ಚಿ, ಸಾಲಿನ ಕೊನೆಯನ್ನು ಇಯರ್‌ಫೋನ್ ಹಾಕಿ ಕೇಳಿ. ಮೆಟ್ಟಿಲು ಕೇಳಿದರೆ ಅಲ್ಲಿ ಕೈಯಾಡಿಸಿದ್ದಾರೆ ಅಂತ ಲೆಕ್ಕ.

ಇಲ್ಲಿ ಒಬ್ಬರು ಪೇಟಿಯ ಮಾತು ಎತ್ತುತ್ತಾರೆ. ಹಾರ್ಮೋನಿಯಂ ಪರದೇಶದಿಂದ ಬಂದದ್ದು, ಅದಕ್ಕೂ 12 ಮನೆ, ಸ್ವರ ಜಾರಿಸೋಕೆ ಬರೋದಿಲ್ಲ. ಆದರೂ ನಮ್ಮ ಕಂಪನಿ ನಾಟಕ, ಭಜನೆ, ಬಯಲಾಟ ಅದನ್ನು ಮಡಿಲಿಗೆ ಹಾಕಿಕೊಳ್ಳಲಿಲ್ಲವೇ? ಆಕಾಶವಾಣಿಯವರು ಇದೇ ಕಾರಣಕ್ಕೆ 1940ರಲ್ಲಿ ಹಾರ್ಮೋನಿಯಂ ನಿಷೇಧಿಸಿದರು, 1971ರವರೆಗೂ ಅದಕ್ಕೆ ರೇಡಿಯೋ ಬಾಗಿಲು ಮುಚ್ಚಿತ್ತು. ಜನ ಕೇಳಿದರಾ? ಭಜನೆಯೂ ನಿಲ್ಲಲಿಲ್ಲ, ಪೇಟಿಯೂ ನಿಲ್ಲಲಿಲ್ಲ.

ಈ ವಾದಕ್ಕೆ ತೂಕವಿದೆ. ಆ ನಿಷೇಧ ದಡ್ಡತನದ್ದು ಅಂತಲೇ ನನ್ನ ಅಭಿಪ್ರಾಯ. ಆದರೆ ಪೇಟಿ ಏನು ಮಾಡುತ್ತಿತ್ತು? ಹಾಡುಗಾರನ ಪಕ್ಕದಲ್ಲಿ ಕೂತಿರುತ್ತಿತ್ತು. ಅದು ನೆಟ್ಟಗೆ ನಿಂತರೆ ಗಂಟಲು ಅದರ ಸುತ್ತ ಜಾರಿ ಬರುತ್ತಿತ್ತು. ಪೇಟಿ ಮಾಸ್ತರ ಬೆರಳು ತೇಲಿಸಿ ಹಿಂಬಾಲಿಸುತ್ತಿದ್ದ. ಬೇಡವಾದರೆ ಹಾಡುಗಾರ ಕಣ್ಣು ಬಿಟ್ಟು ನೋಡಿದರೆ ಸಾಕು, ಪೇಟಿ ಮೆತ್ತಗಾಗುತ್ತಿತ್ತು. ಪ್ಲಗಿನ್ ಪಕ್ಕದಲ್ಲಿ ಕೂರುವುದಿಲ್ಲ, ಗಂಟಲೊಳಗೇ ಇಳಿಯುತ್ತದೆ. ಅದೂ ಹಾಡುಗಾರ ಬಸ್ ಹತ್ತಿ ಊರಿಗೆ ಹೋದ ಮೇಲೆ. ಕಣ್ಣು ಬಿಟ್ಟು ನೋಡೋಕೆ ಅವನು ಅಲ್ಲಿರುವುದಿಲ್ಲ.

"ಜನ ಅದನ್ನೇ ಕೇಳ್ತಾರ್ರೀ, ಇಲ್ಲಾಂದ್ರ ವ್ಯೂಸ್ ಬರಂಗಿಲ್ಲ" ಅನ್ನೋದು ಇನ್ನೊಂದು ಮಾತು. ಇರಬಹುದು. ಹುಡುಗರು ತಾವೇ ಬರೆದು, ತಾವೇ ಹಾಡುವ ಡಿಜೆ ಹಾಡಿಗೆ ಆಟೋಟ್ಯೂನ್ ಬೇಕು ಅಂದರೆ ಹಾಕಲಿ, ಎಷ್ಟು ಬೇಕೋ ಅಷ್ಟು. ಅಲ್ಜೀರಿಯಾದ ರಾಯ್ ಹಾಡುಗಾರರು ತಮ್ಮ ಗಮಕಗಳ ಮೇಲೆ ಬೇಕೆಂದೇ ಆಟೋಟ್ಯೂನ್ ಹಾಕಿಸಿ ಅದನ್ನೊಂದು ಹೊಸ ಒಡವೆ ಮಾಡಿಕೊಂಡಿದ್ದಾರೆ. ಅವರು ಗೊತ್ತಿದ್ದು ಹಾಕಿಸಿಕೊಂಡರು. ನಮ್ಮ ಸೋಬಾನೆ ಅಜ್ಜಿಗೆ ಅಂಥದ್ದೊಂದು ಇದೆ ಅಂತಲೇ ಗೊತ್ತಿಲ್ಲ. ಅವಳು ಮೊಮ್ಮಗಳ ಫೋನಿನಲ್ಲಿ ತನ್ನ ಹಾಡು ಕೇಳಿ "ಇದು ನಾನೇನವ್ವ?" ಅಂದರೆ, ಮನೆಯವರು "ಮೈಕಿನಾಗ ಹಂಗ ಬರತೈತಿ" ಅಂತ ಸಮಾಧಾನ ಮಾಡುತ್ತಾರೆ.

ಇದನ್ನು ನಾನು ಇಷ್ಟು ಗಟ್ಟಿಯಾಗಿ ಹೇಳೋಕೆ ಕಾರಣವಿದೆ. ಸಿನಿಮಾ ಹಾಡಿಗೆ ಹತ್ತು ಪ್ರತಿ ಇರುತ್ತವೆ. ನಮ್ಮೂರ ಅಜ್ಜಿಯ ಹಾಡಿಗೆ ಇರೋದು ಒಂದೇ ರೆಕಾರ್ಡಿಂಗು, ಅದೂ ಅವಳ ಎಪ್ಪತ್ತನೇ ವಯಸ್ಸಿನಲ್ಲಿ. ಅಂಕೋಲಾದ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು, 2025ರಲ್ಲಿ ಅವರು ತೀರಿಕೊಂಡರು. ಹಾಲಕ್ಕಿ ಒಕ್ಕಲಿಗರ ಹಾಡುಗಳನ್ನು ಅವರ ದನಿಯಲ್ಲಿ ಕೇಳಿದವರಿಗೆ ಗೊತ್ತು, ಆ ಹಾಡಿನ ಸ್ವರಗಳು ಯಾವ ಕೀಬೋರ್ಡಿನ ಮುಲಾಜಿಗೂ ಬೀಳುವಂಥವಲ್ಲ. ಅವರ ಹೆಸರು ದೊಡ್ಡದಾಯಿತು, ದಾಖಲಿಸೋರು ಬಂದರು. ಹೆಸರು ಬಾರದ ನೂರಾರು ಅಜ್ಜಿಯರಿಗೆ ಇರೋದು ಜೆರಾಕ್ಸ್ ಅಂಗಡಿ ಮೇಲಿನ ಈ ಕೋಣೆಯೇ. ಅಲ್ಲಿ ಸ್ವರ ತಿದ್ದಿದರೆ ತಿದ್ದಿದ್ದೇ ಮೂಲವಾಗುತ್ತದೆ.

ಆಮೇಲೆ ಆಗೋದನ್ನೂ ನೋಡಿ. ಪ್ರತಿಭಾ ಕಾರಂಜಿಗೆ ಜಾನಪದ ಗೀತೆ ಕಲಿಯುವ ಮಕ್ಕಳು ಯೂಟ್ಯೂಬ್ ಹಚ್ಚಿಕೊಂಡು ಕಲಿಯುತ್ತಾರೆ. ಮೆಟ್ಟಿಲು ಇಳಿದ ಹಾಡನ್ನೇ ಕಲಿಯುತ್ತಾರೆ. ಅದೇ ಮಗು ಮನೆಯಲ್ಲಿ ಅಜ್ಜಿ ಹಾಡಿದಾಗ "ಅಜ್ಜಿ, ನೀ ತಪ್ಪು ಹಾಡಾಕತ್ತಿ, ಯೂಟ್ಯೂಬ್‌ನಾಗ ಹಿಂಗೈತಿ" ಅನ್ನುತ್ತದೆ. ಯೂಟ್ಯೂಬಿನಲ್ಲಿರೋದು ಅದೇ ಅಜ್ಜಿಯ ಹಾಡು.

ಸ್ಟುಡಿಯೋ ಅಣ್ಣಂದಿರಿಗೆ ಹೇಳೋದು ಇದೆ. ನಿಮ್ಮ ಕಷ್ಟ ಗೊತ್ತು. ದಿನಕ್ಕೆ ನಾಲ್ಕು ಹಾಡು ಮುಗಿಸಬೇಕು, ಕೊಡೋ ದುಡ್ಡು ಕಡಿಮೆ. ಆದರೆ ನೀವು ವಾಪರಿಸುವ ಪ್ಲಗಿನ್ ಬಹುತೇಕ ಯಾರದೋ ಪೆನ್‌ಡ್ರೈವ್‌ನಲ್ಲಿ ಬಂದ ಕ್ರ್ಯಾಕ್ ಪ್ರತಿ. ಅದರ ಜೊತೆ ಅವರ ಸೆಟ್ಟಿಂಗೂ ಬಂತು, ಪುಸ್ತಕ ಬರಲಿಲ್ಲ. ಸಿನಿಮಾ ಹಾಡಿಗೆ ಮಾಡಿದ ಪ್ರೀಸೆಟ್ಟನ್ನು ಕಂಸಾಳೆಗೂ ಹಚ್ಚುತ್ತೀರಿ, ಮೊಹರಂ ಪದಕ್ಕೂ ಹಚ್ಚುತ್ತೀರಿ. ಎಲ್ಲ ಹೊಲಕ್ಕೂ ರೋಟವೇಟರ್ ಹೊಡೆದ ಹಾಗೆ. (ಕ್ರ್ಯಾಕ್ ಬಿಡೋ ಮನಸ್ಸಿದ್ದರೆ ರೀಪರ್ ನೋಡಿ. 60 ದಿನ ಪುಕ್ಕಟೆ, ಸಣ್ಣ ಸ್ಟುಡಿಯೋಗೆ ಲೈಸೆನ್ಸ್ 60 ಡಾಲರ್. ಪಿಚ್ ತಿದ್ದುವ ಪ್ಲಗಿನ್ ಅದರ ಜೊತೆಗೇ ಬರುತ್ತದೆ.)

ಮೊದಲ ಆಯ್ಕೆ, ಹಾಕಲೇಬೇಡಿ. ಒಂದು ಸಾಲು ನಿಜವಾಗಿ ಕೆಟ್ಟಿದ್ದರೆ ಅಜ್ಜಿಗೆ ಚಹಾ ಕೊಟ್ಟು ಆ ಸಾಲನ್ನು ಮತ್ತೊಮ್ಮೆ ಹಾಡಿಸಿ, ಐದು ನಿಮಿಷದ ಕೆಲಸ. ಹಾಕಲೇಬೇಕಾಗಿ ಬಂದರೆ ಪ್ಲಗಿನ್‌ಗೆ ಏಕತಾರಿಯ ಶ್ರುತಿ ಹೇಳಿಕೊಡಿ. ಡಿಟ್ಯೂನ್ ಅನ್ನೋ ಗುಂಡಿ ಇರೋದೇ ಅದಕ್ಕೆ, 440 ಹರ್ಟ್ಸ್ ಏನು ದೇವರ ವಾಕ್ಯವಲ್ಲ. ಹಾಡಿನಲ್ಲಿ ಇಲ್ಲದ ಸ್ವರಗಳನ್ನು ಪಟ್ಟಿಯಿಂದ ತೆಗೆಯಿರಿ, ಇಲ್ಲದಿದ್ದರೆ ಜಾರುವ ದನಿ ದಾರಿಯಲ್ಲಿ ಸಿಕ್ಕ ಪ್ರತಿ ಮನೆಗೂ ಹೊಕ್ಕು ಬರುತ್ತದೆ. ರಿಟ್ಯೂನ್ ಸ್ಪೀಡ್ ಸೊನ್ನೆಯಿಂದ 400 ಮಿಲಿಸೆಕೆಂಡ್ ತನಕ ಇದೆ, ಸೊನ್ನೆಯಲ್ಲಿ ಬಿಡಬೇಡಿ. ಇಡೀ ಹಾಡಿಗೆ ಹಚ್ಚುವ ಬದಲು ಕೆಟ್ಟ ಒಂದು ಸಾಲಿಗೆ ಮಾತ್ರ ಹಚ್ಚಿ. ಎಲ್ಲಕ್ಕೂ ಮೊದಲು ಹಾಡಿದವರನ್ನು ಕೇಳಿ. ತಿದ್ದಿದ್ದನ್ನೂ ತಿದ್ದದ್ದನ್ನೂ ಎರಡೂ ಕೇಳಿಸಿ, ಅವರೇ ಆರಿಸಲಿ.

ಹಾಡೋಕೆ ಹೋಗುವವರೂ, ಅವರನ್ನು ಕರೆದುಕೊಂಡು ಹೋಗುವ ಮಕ್ಕಳು ಮೊಮ್ಮಕ್ಕಳೂ ಒಂದು ಖಾಲಿ ಪೆನ್‌ಡ್ರೈವ್ ಜೇಬಿನಲ್ಲಿಟ್ಟುಕೊಂಡು ಹೋಗಿ. ಹಾಡು ಮುಗಿದ ಕೂಡಲೇ, ಯಾವ ಪ್ಲಗಿನ್ನೂ ಬೀಳುವ ಮೊದಲು, ದನಿಯ ಟ್ರ್ಯಾಕು ಮತ್ತು ವಾದ್ಯದ ಟ್ರ್ಯಾಕು ಎರಡನ್ನೂ ವೇವ್ ಫೈಲಾಗಿ ಹಾಕಿಸಿಕೊಳ್ಳಿ. ಐದು ನಿಮಿಷದ ಒಂದು ಟ್ರ್ಯಾಕಿಗೆ ಸುಮಾರು 40 ಎಂಬಿ, ಮದುವೆ ವಿಡಿಯೋಕ್ಕಿಂತ ಎಷ್ಟೋ ಸಣ್ಣದು. "ಎಂಪಿತ್ರೀ ಕೊಡ್ತೀನಿ" ಅಂದರೆ ಒಪ್ಪಬೇಡಿ. "ಆಮ್ಯಾಗ ವಾಟ್ಸಾಪ್ ಮಾಡ್ತೀನಿ" ಅಂದರೂ ಒಪ್ಪಬೇಡಿ. ಫೈಲು ಕೈಗೆ ಬಂದು, ನಿಮ್ಮ ಫೋನಿನಲ್ಲಿ ಒಮ್ಮೆ ಹಚ್ಚಿ ಕೇಳಿದ ಮೇಲೆ ಬಾಕಿ ದುಡ್ಡು ಕೊಡಿ.