ಬಿಕಾಂ ಹುಡುಗಿಯ ಕೋಡ್ ಕಿರಿಕಿರಿ, ಭಾಗ 3: ಆ ನಂಬರ್ ಬೀಗ ಅಲ್ಲ ಕಣ್ರೋ

ಇವತ್ತು ಒಂದೇ ಒಂದು ಸಾಲಿನ ಮೇಲೆ ಜಗಳ. ಎಕ್ಸ್‌ಪ್ರೆಸ್ ಕಲಿತವರೆಲ್ಲ ಬರೆದಿರ್ತೀರಿ: /ರಿಸಲ್ಟ್/:ಐಡಿ

ಕೋಲನ್ ಹಾಕಿರೋ ಆ ಜಾಗಾನೇ ರೂಟ್ ಪ್ಯಾರಾಮೀಟರ್. ಯಾರಾದ್ರೂ /ರಿಸಲ್ಟ್/412 ಅಂತ ತೆರೆದ್ರೆ, 412 ನಿಮ್ಮ ಕೋಡ್ ಕೈಗೆ ಬರುತ್ತೆ. ಟ್ಯುಟೋರಿಯಲ್ ಅಣ್ಣಂದಿರು ಮುಂದೇನ್ ಮಾಡ್ತಾರೆ? 412ನ ಡೇಟಾಬೇಸ್‌ನಲ್ಲಿ ಹುಡುಕು, ಸಿಕ್ಕಿದ್ದನ್ನ ಕಳಿಸು, ಆಯ್ತು ಫ್ರೆಂಡ್ಸ್, ಲೈಕ್ ಮಾಡಿ. ಏನಾಯ್ತು? ಕೇಳ್ತಿರೋರು ಯಾರು ಅಂತ ಒಬ್ಬರೂ ಕೇಳಲೇ ಇಲ್ವಲ್ಲ!

ನೀವು ಬ್ಯಾಂಕ್ ಕೌಂಟರ್‌ನಲ್ಲಿ ನಿಂತು ಪಕ್ಕದ ಮನೆಯವರ ಅಕೌಂಟ್ ನಂಬರ್ ಹೇಳಿದ ತಕ್ಷಣ ಅವರ ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆದು ಕೊಟ್ಟುಬಿಟ್ರೆ ಹೇಗಿರುತ್ತೆ? ಆಡಿಟಿಂಗ್ ಪೇಪರ್‌ನಲ್ಲಿ ಇಂಟರ್ನಲ್ ಕಂಟ್ರೋಲ್ ಬಗ್ಗೆ ಪುಟಗಟ್ಟಲೆ ಬರೀತೀವಿ. ಕೋಡ್ ಬರೆಯೋಕೆ ಕೂತ್ರೆ ಎಲ್ಲಾ ಮರೆತುಹೋಗುತ್ತೆ.

"ಲಾಗಿನ್ ಇದೆಯಲ್ಲ?" ಅಂತೀರಿ. ಲಾಗಿನ್ ಹೇಳೋದು ನೀವು ಯಾರು ಅಂತ ಮಾತ್ರ. 412 ನಿಮ್ಮದು ಅಂತ ಅದು ಎಲ್ಲಿ ಹೇಳ್ತು? ನನಗೂ ಅದೇ ಬ್ಯಾಂಕ್‌ನಲ್ಲಿ ಅಕೌಂಟ್ ಇದೆ ಅಂದ್ರೆ ನಿಮ್ಮ ಪಾಸ್‌ಬುಕ್ ನಂಗೆ ಕೊಡ್ತಾರಾ?

ಸಣ್ಣ ವಿಷಯ ಅನ್ಕೋಬೇಡಿ. 2019ರ ಮೇ ತಿಂಗಳಲ್ಲಿ ಅಮೆರಿಕದ ಫಸ್ಟ್ ಅಮೆರಿಕನ್ ಅನ್ನೋ ಆಸ್ತಿ ವಿಮೆ ಕಂಪನಿಯ ಸುದ್ದಿ ಹೊರಬಂತು. ಲಿಂಕ್‌ನಲ್ಲಿರೋ ಅಂಕಿ ಬದಲಾಯಿಸಿದ್ರೆ ಸಾಕು, ಬೇರೆಯವರ ದಾಖಲೆ ತೆರೀತಿತ್ತು. ಲಾಗಿನ್ ಕೂಡ ಬೇಕಿರಲಿಲ್ಲ. ಬ್ಯಾಂಕ್ ಅಕೌಂಟ್ ನಂಬರ್ ಇದ್ದ ಕಾಗದಗಳೂ ಸೇರಿ ಸುಮಾರು 88.5 ಕೋಟಿ ದಾಖಲೆಗಳು! ಓವಾಸ್ಪ್‌ನವರ 2021ರ ಟಾಪ್ ಟೆನ್ ಪಟ್ಟಿಯಲ್ಲಿ ಮೊದಲ ಸ್ಥಾನ ಇದೇ ಜಾತಿಯ ತಪ್ಪಿಗೆ.

ಇನ್ನು ಕೆಲವರು "ಯುಯುಐಡಿ ಹಾಕಿದ್ರೆ ಮುಗೀತು" ಅಂತಾರೆ. ಉದ್ದದ ಐಡಿ ಊಹಿಸೋದು ಕಷ್ಟ, ನಿಜ. ಆದರೆ ಅದೇ ಲಿಂಕ್ ಕ್ಲಾಸ್ ವಾಟ್ಸಾಪ್ ಗ್ರೂಪ್‌ಗೆ ಬಿದ್ರೆ? ಊಹಿಸೋ ಅಗತ್ಯಾನೇ ಇಲ್ಲ. ಲಾರಾವೆಲ್ ಅಂತೂ ಐಡಿ ನೋಡಿ ರೆಕಾರ್ಡ್‌ನ ತಾನೇ ತಂದು ಕೈಗಿಡುತ್ತೆ, ಬಹಳ ಆರಾಮ. ಅದು ಯಾರದ್ದು ಅಂತ ನೋಡೋ ಕೆಲಸ ಅಲ್ಲೂ ನಿಮ್ಮದೇ.

ಸರಿ ಮಾಡೋಕೆ ಬೇಕಿರೋದು ಒಂದು ಷರತ್ತು. ಹುಡುಕುವಾಗ ಐಡಿ 412 ಆಗಿರಬೇಕು, ಜೊತೆಗೆ ಅದರ ಮಾಲೀಕರು ಈಗ ಲಾಗಿನ್ ಆಗಿರೋರೇ ಆಗಿರಬೇಕು. ಎರಡೂ ಕೂಡಿ ಬರಲಿಲ್ವಾ, 404 ಕಳಿಸಿ. ಅಂದಹಾಗೆ ಪ್ಯಾರಾಮೀಟರ್ ಬರೋದು ಸ್ಟ್ರಿಂಗ್ ಆಗಿ, "412ಕಖಗ" ಅಂತ ಕೊಟ್ರೂ ಪಾರ್ಸ್‌ಇಂಟ್ ತೆಪ್ಪಗೆ 412 ಅಂದುಬಿಡುತ್ತೆ. ಅದನ್ನೂ ನೋಡಿಕೊಳ್ಳಿ. ನನ್ನ ಕೇಳಿದ್ರೆ, ಅವರವರ ರಿಸಲ್ಟ್ ಅವರವರೇ ನೋಡೋ ಪುಟಕ್ಕೆ ಐಡಿ ಯಾಕ್ರೀ ಬೇಕು? /ನನ್ನ-ರಿಸಲ್ಟ್ ಅಂತಿಟ್ಟು ಸೆಷನ್‌ನಿಂದ ಐಡಿ ತಗೊಳ್ಳಿ.

ನನಗೆ ನಿಜವಾಗ್ಲೂ ಉರಿಯೋದು ಬೇರೆ. ನಂಗೆ ಗೊತ್ತಿರೋ ಒಂದು ಕಡೆ, ಸ್ಕಾಲರ್‌ಶಿಪ್ ಅರ್ಜಿ ಹಾಕಿದ ಹುಡುಗರ ಜಾತಿ, ಆದಾಯ ಪ್ರಮಾಣಪತ್ರ ಹೀಗೇ ತೆರೀತಿತ್ತು. ಹೋಗಿ ಹೇಳಿದವನಿಗೆ ಸಿಕ್ಕಿದ್ದು "ಏನೋ, ಹ್ಯಾಕರ್ರಾ ನೀನು?" ಅನ್ನೋ ಬೈಗುಳ. ಬಾಗಿಲೇ ಇಡದ ಮನೆ ಕಟ್ಟಿದವರಿಗೆ ಯಾರೂ ಒಂದು ಮಾತು ಅನ್ನಲಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಸರಿಯಾದ ರಕ್ಷಣೆ ಕೊಡದೆ ಡೇಟಾ ಸೋರಿದ್ರೆ 250 ಕೋಟಿ ರೂಪಾಯಿವರೆಗೆ ದಂಡ ಅಂತ ಬರೆದಿದೆ. ಹುಡುಗನ್ನ ಬೈಯೋರು ಅದನ್ನೊಮ್ಮೆ ಓದಲಿ.

ಹಾಗಂತ ನೀವು ಕಂಡಕಂಡ ಸೈಟ್‌ಗಳಲ್ಲಿ ನಂಬರ್ ಬದಲಾಯಿಸೋಕೆ ಹೋಗಬೇಡಿ, ಅನುಮತಿ ಇಲ್ಲದೆ ನುಗ್ಗೋದು 2000ದ ಐಟಿ ಕಾಯ್ದೆ ಪ್ರಕಾರ ತಪ್ಪು. ನಿಮ್ಮ ಮಿನಿ ಪ್ರಾಜೆಕ್ಟ್ ಇದೆಯಲ್ಲ, ಅದನ್ನ ತೆರೀರಿ. ಎರಡು ಬ್ರೌಸರ್, ಎರಡು ಲಾಗಿನ್. ಒಂದರ ಲಿಂಕ್ ಕಾಪಿ ಮಾಡಿ ಇನ್ನೊಂದಕ್ಕೆ ಹಾಕಿ. ತೆರೆದುಕೊಳ್ತಾ? ಕಾಮೆಂಟ್‌ನಲ್ಲಿ ಹೇಳಿ, ಭಾಗ 4ರಲ್ಲಿ ನಿಮ್ಮ ಕೋಡ್ ಇಟ್ಕೊಂಡೇ ಸರಿ ಮಾಡೋಣ.